ಏರ್ ಪಿಸ್ತೂಲಿಗೆ ಕೇಸ್ ಆರಿಸಿಕೊಂಡ ನನ್ನ ಅನುಭವ

ನಮ್ಮ ಶೂಟಿಂಗ್ ರೇಂಜಿಗೆ ಹೊಸದಾಗಿ ಸೇರುವ ಹುಡುಗರು ಬಂದ ಕೂಡಲೇ ಕೇಳುವ ಪ್ರಶ್ನೆ: ‘ಸರ್, ಹೋಲ್‌ಸ್ಟರ್ ಯಾವ್ದು ತಗೊಳ್ಳಲಿ?’ ಹೋಲ್‌ಸ್ಟರ್ ಅಂದರೆ ಪಿಸ್ತೂಲ್ ಸಿಕ್ಕಿಸಿಕೊಳ್ಳಲು ಸೊಂಟಕ್ಕೆ ಕಟ್ಟುವ ಸಾಧನ. ಮೊಬೈಲಿನಲ್ಲಿ ಐಪಿಎಸ್‌ಸಿ ವಿಡಿಯೊ ನೋಡಿಕೊಂಡು ಬಂದಿರುತ್ತಾರೆ. ಬೀಪ್ ಅಂದ ತಕ್ಷಣ ಸೊಂಟದಿಂದ ಪಿಸ್ತೂಲ್ ಎಳೆದು, ಓಡಾಡುತ್ತಲೇ ಗುರಿ ಹೊಡೆಯುವ ಆಟ ಅದು. ಅದನ್ನು ನಡೆಸುವ ಸಂಸ್ಥೆ 1976ರಲ್ಲಿ ಅಮೆರಿಕದ ಮಿಸ್ಸೂರಿ ರಾಜ್ಯದ ಕೊಲಂಬಿಯಾದಲ್ಲಿ ಹುಟ್ಟಿತು. ನಾವು ಹುಬ್ಬಳ್ಳಿಯಲ್ಲಿ ಆಡುವುದು 10 ಮೀಟರ್ ಏರ್ ಪಿಸ್ತೂಲ್, ಅಂದರೆ ಒತ್ತಿದ ಗಾಳಿಯಿಂದ ಪೆಲೆಟ್ ಎಂಬ ಸಣ್ಣ ಗುಂಡು ಹಾರಿಸುವ ಪಿಸ್ತೂಲ್. ನಿಂತಲ್ಲೇ ನಿಂತು, ಒಂದೇ ಕೈಯಲ್ಲಿ, ಒಂದು ಗಂಟೆ 15 ನಿಮಿಷದೊಳಗೆ 60 ಗುಂಡು. ಇದರಲ್ಲಿ ಸೊಂಟಕ್ಕೇನೂ ಕೆಲಸವಿಲ್ಲ. ಪಿಸ್ತೂಲ್ ಅದನ್ನಿಡುವ ಪೆಟ್ಟಿಗೆಯಿಂದ, ಅಂದರೆ ಕೇಸಿನಿಂದ ಬೆಂಚಿಗೆ, ಬೆಂಚಿನಿಂದ ಕೈಗೆ ಬರುತ್ತದೆ, ಅಷ್ಟೇ.

ಹಾಗಂತ ಐಪಿಎಸ್‌ಸಿ ಆಟದವರು ಕಟ್ಟಿಕೊಳ್ಳುವ ರೇಸ್ ಹೋಲ್‌ಸ್ಟರ್ ಬಗ್ಗೆ ತಿಳಿದುಕೊಂಡಿದ್ದು ನನಗೆ ದಂಡವಾಗಲಿಲ್ಲ. ಅದು ಸಿನಿಮಾ ಪೊಲೀಸರ ಚರ್ಮದ ಚೀಲದ ಹಾಗೆ ಪಿಸ್ತೂಲನ್ನು ಪೂರ್ತಿ ಮುಚ್ಚುವುದಿಲ್ಲ. ಟ್ರಿಗರ್ ಗಾರ್ಡನ್ನು, ಅಂದರೆ ಟ್ರಿಗರ್ ಸುತ್ತಲಿನ ಬಳೆಯನ್ನು ಮಾತ್ರ ಕಚ್ಚಿ ಹಿಡಿಯುತ್ತದೆ. ಆಯಾ ಮಾಡೆಲ್ಲಿಗೆ ತಕ್ಕ ಹಾಗೆ ಕೊರೆದ ಒಂದು ಸಣ್ಣ ತುಂಡು ಒಳಗೆ ಕೂತಿರುತ್ತದೆ, ಪಕ್ಕದಲ್ಲಿ ಒಂದು ಲಾಕ್ ಇರುತ್ತದೆ. ನಳಿಕೆಯ ತುದಿ ಒಂದು ಆಸರೆಯ ಮೇಲೆ ಕೂರುತ್ತದೆ. ಹೋಲ್‌ಸ್ಟರಿನಲ್ಲಿ ಇರುವಾಗ ಟ್ರಿಗರಿಗೆ ಏನೂ ತಾಗಬಾರದು ಎನ್ನುವುದು ಆ ಆಟದ ನಿಯಮ. ಸುಮ್ಮನೆ ನಿಂತಾಗ ನಳಿಕೆಯ ಮುಖ ಪಾದದಿಂದ ಒಂದು ಮೀಟರಿಗಿಂತ ಆಚೆ ತಿರುಗಬಾರದು. ಆಟದ ನಡುವೆ ಪಿಸ್ತೂಲ್ ಕೆಳಗೆ ಬಿತ್ತೋ, ನೀವು ಪಂದ್ಯದಿಂದ ಹೊರಗೆ.

ಅಂದರೆ ಅಲ್ಲಿ ನೋಡುವುದು ಮೂರೇ. ಟ್ರಿಗರ್ ಮುಟ್ಟದೆ ಹಿಡಿದಿದೆಯಾ? ತಾನಾಗಿ ಬಿಟ್ಟುಕೊಡುತ್ತದಾ? ನಳಿಕೆ ಯಾವ ಕಡೆಗಿದೆ? ನಾನು ಕೇಸ್ ಹುಡುಕಲು ಹೊರಟಾಗ ಈ ಮೂರನ್ನೇ ಹಿಡಿದುಕೊಂಡೆ. ಬಾಳಿಕೆಯ ಪ್ರಶ್ನೆ ಆಮೇಲೆ ಸೇರಿಕೊಂಡಿತು, ಅದಕ್ಕೆ ನಮ್ಮ ಧಾರವಾಡದ ಮಳೆ ಕಾರಣ.

ಅಂಗಡಿಯವರು ಮೊದಲು ತೋರಿಸುವುದು ಕೇಸಿನ ಹೊರಮೈ. ಮೇಲೆ ನಿಂತು ಕುಣಿಯುತ್ತಾರೆ, ಕಾರು ಹತ್ತಿಸಿದ ವಿಡಿಯೊ ತೋರಿಸುತ್ತಾರೆ. ನನ್ನ ಕೇಸಿನ ಮೇಲೆ ಯಾರೂ ಕಾರು ಹತ್ತಿಸುವುದಿಲ್ಲ. ಅದು ಹೋಗುವುದು ಚಿಗರಿ ಬಸ್ಸಿನಲ್ಲಿ ಕಾಲ ಸಂದಿಯಲ್ಲಿ, ಇಲ್ಲಾ ಬೆಂಗಳೂರಿನ ರೈಲಿನಲ್ಲಿ ಸೀಟಿನ ಕೆಳಗೆ. ಅಲ್ಲಿ ಆಗುವುದು ಸಣ್ಣ ಸಣ್ಣ ಕುಲುಕಾಟ, ಗಂಟೆಗಟ್ಟಲೆ. ಪಿಸ್ತೂಲ್ ಕೆಡುವುದು ಅದರಿಂದಲೇ. ಗುರಿ ನೋಡಲು ಪಿಸ್ತೂಲಿನ ಹಿಂಬದಿಯಲ್ಲಿರುವ ಸೈಟಿನ ತಿರುಪು ಒಂದೆರಡು ಕ್ಲಿಕ್ ತಿರುಗಿದರೂ ಸಾಕು, ಗುರಿ ತಪ್ಪುತ್ತದೆ. ಏರ್ ಪಿಸ್ತೂಲ್ ಟಾರ್ಗೆಟ್ಟಿನಲ್ಲಿ ಹತ್ತರ ವೃತ್ತ ಇರುವುದು 11.5 ಮಿಲಿಮೀಟರ್ ಅಷ್ಟೇ. ಅದಕ್ಕೇ ನಾನು ದುಡ್ಡನ್ನೂ ತಲೆಯನ್ನೂ ಜಾಸ್ತಿ ಖರ್ಚು ಮಾಡಿದ್ದು ಒಳಗಿನ ಫೋಮಿಗೆ.

ಅಳತೆ ಸುಲಭ. ನಿಯಮದ ಪ್ರಕಾರ ಏರ್ ಪಿಸ್ತೂಲ್ 420 × 200 × 50 ಮಿಲಿಮೀಟರ್ ಡಬ್ಬಿಯೊಳಗೆ ಕೂರಬೇಕು, ತೂಕ 1,500 ಗ್ರಾಂ ಮೀರಬಾರದು. ಕೇಸಿನ ಒಳ ಅಳತೆ 45 ಸೆಂಟಿಮೀಟರ್ ಉದ್ದ, 28 ಅಗಲ, 10 ಆಳ ಇದ್ದರೆ ಯಾವ ಕಂಪನಿಯ ಪಿಸ್ತೂಲಾದರೂ ಹಿಡಿಸುತ್ತದೆ. ಇನ್ನೂ ದೊಡ್ಡದು ಬೇಡ. ಜಾಗ ಇದ್ದರೆ ಶೂ, ಟವೆಲ್, ಬಾಳೆಹಣ್ಣು ಎಲ್ಲಾ ಅದರೊಳಗೇ ಹೋಗುತ್ತವೆ.

ಹೊರಗಿನ ಡಬ್ಬಿ ಆರಿಸಲು ನಾನು ನೋಡಿದ್ದು ಹಿಂಜಿನಲ್ಲಿ ಕಬ್ಬಿಣದ ಸರಳು ಇದೆಯಾ, ಬರೀ ಪ್ಲಾಸ್ಟಿಕ್ಕಾ ಅಂತ. ಪ್ಲಾಸ್ಟಿಕ್ ಹಿಂಜು ಬಿಸಿಲಿಗೆ ಸೆಟೆದು ಸೀಳುತ್ತದೆ. ಆಮೇಲೆ ಬೀಗ ಹಾಕಲು ಎರಡು ತೂತು ಇರಬೇಕು, ಅವು ಲ್ಯಾಚಿನಲ್ಲಲ್ಲ, ಡಬ್ಬಿಯ ಮೈಯಲ್ಲೇ ಇರಬೇಕು. ಹಿಡಿಕೆಯನ್ನು ಸ್ವಲ್ಪ ಹೊತ್ತು ಹಿಡಿದು ನೋಡಲೇಬೇಕು. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ನಿಮ್ಮ ಬೋಗಿ ಆ ತುದಿಯಲ್ಲಿದ್ದರೆ ಗೊತ್ತಾಗುತ್ತದೆ ಹಿಡಿಕೆಯ ಯೋಗ್ಯತೆ. ಬೆರಳಿಗೆ ಕುಯ್ಯುವ ಹಿಡಿಕೆ ಹಿಡಿದು ಅಷ್ಟು ದೂರ ನಡೆದವನ ಕೈ ಪಂದ್ಯದ ದಿನ ನಡುಗದೆ ಇರುತ್ತದಾ?

ಆಮದು ಕೇಸ್‌ಗಳು ಚೆನ್ನಾಗಿವೆ, ಸುಳ್ಳು ಹೇಳಬಾರದು. ಆದರೆ ಆ ದುಡ್ಡಿಗೆ ಬುಟ್ಟಿ ತುಂಬ ಪೆಲೆಟ್ ಡಬ್ಬಿ ಬರುತ್ತವೆ. ನಾನು ಕ್ಯಾಮೆರಾ ಸಾಮಾನು ಇಡುವ ದೇಸಿ ಕೇಸ್ ತಗೊಂಡೆ. ಮುಚ್ಚಳದ ಸುತ್ತ ರಬ್ಬರ್ ಉಂಗುರ ಇದೆ, ನೀರು ಹೋಗುವುದಿಲ್ಲ ಅಂತ ಬರೆದಿತ್ತು. ಒಳಗೆ ಟಿಶ್ಯೂ ಪೇಪರ್ ಹಾಕಿ, ಲ್ಯಾಚ್ ಮುಚ್ಚಿ, ನೀರಿನ ತೊಟ್ಟಿಯಲ್ಲಿ ಒತ್ತಿ ಹಿಡಿದು ನೋಡಿದೆ. ‘ಎಂಟ ದಿನಕ್ಕೊಮ್ಮೆ ನಳಾ ಬರೂ ಊರಾಗ ಕುಡಿಯೂ ನೀರಾಗ ಡಬ್ಬಿ ಅದ್ದತೀರಲ್ರೀ’ ಅಂತ ಮನೆಯಲ್ಲಿ ಬೈಗುಳ ಬಿತ್ತು. ಟಿಶ್ಯೂ ಒಣಗೇ ಇತ್ತು.

ಈಗ ಫೋಮಿನ ವಿಷಯ. ಕೇಸಿನ ಜೊತೆ ಬರುವುದು ಚೌಕ ಚೌಕವಾಗಿ ಕಿತ್ತುಕೊಳ್ಳುವ ಬೂದು ಬಣ್ಣದ ಸ್ಪಂಜು. ಅದನ್ನು ನಾನು ಬಳಸಲಿಲ್ಲ. ಒಂದು ಹನಿ ನೀರು ಬಿಟ್ಟು ನೋಡಿ, ಕುಡಿದುಬಿಡುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವವನ್ನೂ ಹಾಗೇ ಕುಡಿದು, ಪಿಸ್ತೂಲಿನ ಉಕ್ಕಿಗೆ ಅಂಟಿಸಿ ಇಟ್ಟಿರುತ್ತದೆ. ಕೆಲವು ವರ್ಷಕ್ಕೆ ಅದೇ ಪುಡಿಪುಡಿಯಾಗಿ ಉದುರಲು ಶುರುವಾಗುತ್ತದೆ. ಆ ಪುಡಿ ಟ್ರಿಗರ್ ಒಳಗೆ ಹೋದರೆ ಪಿಸ್ತೂಲನ್ನು ಸರ್ವಿಸಿಗೆ ಕಳಿಸಬೇಕಾಗುತ್ತದೆ. ಏರ್ ಪಿಸ್ತೂಲ್ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ಎತ್ತಲೇಬೇಕು ಅಂತ ನಿಯಮ. ನಾವೆಲ್ಲ ಅದಕ್ಕಿಂತ ಒಂಚೂರೇ ಮೇಲೆ ಹೊಂದಿಸಿಕೊಂಡಿರುತ್ತೇವೆ. ಅಷ್ಟು ನಾಜೂಕಿನ ಜಾಗದಲ್ಲಿ ಕಸಕ್ಕೆ ಏನು ಕೆಲಸ?

ಬೇಕಾದದ್ದು ನೀರು ಕುಡಿಯದ, ಗಟ್ಟಿ, ಆದರೆ ಉಗುರು ಒತ್ತಿದರೆ ತಗ್ಗುವ ಫೋಮ್. ಇವಿಎ ಅಂತಾರೆ. ಚಪ್ಪಲಿಯ ಅಟ್ಟೆಗೆ ಹಾಕುವುದು ಅದೇ. ಹಾಗಾಗಿ ಅದನ್ನು ಆನ್‌ಲೈನಿನಲ್ಲಿ ಹುಡುಕದೆ, ದುರ್ಗದ ಬೈಲ್ ಹತ್ತಿರ ಚಪ್ಪಲಿ ಸಾಮಾನು ಮಾರುವ ಅಂಗಡಿಗೆ ಹೋದೆ. ಹತ್ತು ಮಿಲಿಮೀಟರಿನ ಹಾಳೆ ಕೇಳಿದ್ದಕ್ಕೆ ಅಂಗಡಿಯ ಕಾಕಾ, ‘ಯಾರ ಕಾಲಿಗ್ರೀ ಇಷ್ಟ ದಪ್ಪಂದು?’ ಅಂದರು. ‘ಕಾಲಿಗಲ್ಲ ಕಾಕಾ, ಆಡೂ ಪಿಸ್ತೂಲ್ ಇಡಾಕ’ ಅಂದೆ. ಆಮೇಲೆ ಅವರೇ ಚೂಪು ಬ್ಲೇಡು ತೆಗೆದು, ಹಾಳೆಯನ್ನು ಒಂದೇ ಎಳೆತಕ್ಕೆ ಹೇಗೆ ಕುಯ್ಯಬೇಕು ಅಂತ ತೋರಿಸಿದರು. ಗರಗಸದ ಹಾಗೆ ಹಿಂದೆ ಮುಂದೆ ಆಡಿಸಿದರೆ ಅಂಚು ಹಲ್ಲು ಹಲ್ಲಾಗುತ್ತದೆ. ಬ್ಲೇಡಿಗೆ ಆಗಾಗ ಸೋಪು ಸವರಬೇಕು.

ಪಿಸ್ತೂಲನ್ನು ರಟ್ಟಿನ ಮೇಲೆ ಮಲಗಿಸಿ ಪೆನ್ಸಿಲಿನಿಂದ ಸುತ್ತಿ ಬರೆದೆ. ಆ ಗೆರೆಯನ್ನು ಹಾಗೇ ಕತ್ತರಿಸಲಿಲ್ಲ. ಗ್ರಿಪ್ ಮತ್ತು ಬಾಡಿಯ ಹತ್ತಿರ ಗೆರೆಯ ಮೇಲೇ, ಅಂದರೆ ಬಿಗಿಯಾಗಿ. ಟ್ರಿಗರ್ ಗಾರ್ಡಿನ ಒಳಗೆ ಪೂರ್ತಿ ಖಾಲಿ. ಸೈಟಿನ ತಿರುಪು, ಪ್ರತಿ ಗುಂಡಿಗೂ ಮೊದಲು ಪಿಸ್ತೂಲನ್ನು ಸಜ್ಜು ಮಾಡಲು ಎಳೆಯುವ ಕಾಕಿಂಗ್ ಲಿವರ್ ಇರುವಲ್ಲಿ ಬೆರಳಷ್ಟು ಬಿಡುವು. ರೇಸ್ ಹೋಲ್‌ಸ್ಟರಿನ ಬುದ್ಧಿ ಇಲ್ಲಿ ಕೆಲಸಕ್ಕೆ ಬಂತು: ಗಟ್ಟಿ ಜಾಗದಲ್ಲಿ ಹಿಡಿ, ನಾಜೂಕು ಜಾಗ ಮುಟ್ಟಬೇಡ. ಲಿವರ್ ಅಂದರೆ ಶೂಟರುಗಳಿಗೆ ಟೋಕಿಯೊ ಒಲಿಂಪಿಕ್ಸ್ ನೆನಪಾಗುತ್ತದೆ. 2021ರಲ್ಲಿ ಅಲ್ಲಿ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಪಿಸ್ತೂಲಿನ ಕಾಕಿಂಗ್ ಲಿವರ್ ಮುರಿದು, ರಿಪೇರಿಗೇ ಸಮಯ ಹೋಗಿ, ಫೈನಲ್ ತಪ್ಪಿತು. ಪ್ಯಾರಿಸ್‌ನಲ್ಲಿ 2024ರಲ್ಲಿ ಅದೇ ಪಂದ್ಯದಲ್ಲಿ ಕಂಚು ಗೆದ್ದರು, ಆ ಮಾತು ಬೇರೆ. ಅವರ ಲಿವರ್ ಕೇಸಿನಿಂದ ಮುರಿದದ್ದಲ್ಲ. ಆದರೂ ಆ ಭಾಗದ ಮೇಲೆ ಭಾರ ಬೀಳಿಸಲು ನನಗೆ ಮನಸ್ಸಾಗುವುದಿಲ್ಲ.

ಸೇಫ್ಟಿ ಫ್ಲ್ಯಾಗಿಗೂ ಜಾಗ ಬೇಕು. ಪಿಸ್ತೂಲ್ ಖಾಲಿ ಇದೆ ಅಂತ ತೋರಿಸಲು ನಳಿಕೆಯಲ್ಲಿ ಈ ತುದಿಯಿಂದ ಆ ತುದಿವರೆಗೆ ತೂರಿಸುವ ಎದ್ದು ಕಾಣುವ ಕಿತ್ತಳೆ ದಾರ ಅದು. ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ ಚೆನ್ನಾಗಿ ಒದಗುತ್ತದೆ. ಕೇಸಿನೊಳಗೂ ಅದು ನಳಿಕೆಯಲ್ಲೇ ಇರಬೇಕು. ಅದಕ್ಕೆ ನಳಿಕೆಯ ಮುಂದೆ ಮತ್ತು ಪೆಲೆಟ್ ಹಾಕುವ ಬಾಯಿಯ ಹತ್ತಿರ ಸಣ್ಣ ಕಾಲುವೆ ಕೊರೆದೆ. ಅಂಗಡಿಯಲ್ಲಿ ಸಿದ್ಧ ಸಿಗುವ ಎಷ್ಟೋ ಫೋಮುಗಳಲ್ಲಿ ಈ ಕಾಲುವೆಯೇ ಇರುವುದಿಲ್ಲ. ಜನ ಫ್ಲ್ಯಾಗ್ ತೆಗೆದಿಟ್ಟು ಕೇಸ್ ಮುಚ್ಚುತ್ತಾರೆ.

ಕತ್ತರಿಸಿದ ಮೂರು ಹಾಳೆ, ತಳಕ್ಕೆ ಕತ್ತರಿಸದ ಒಂದು ಹಾಳೆ, ಚಪ್ಪಲಿಯ ಗೋಂದಿನಿಂದ ಅಂಟಿಸಿದೆ. ಅಂಟಿಸಿದ ಮೇಲೆ ಕೇಸನ್ನು ತೆರೆದೇ ಇಡಬೇಕು, ವಾಸನೆ ಪೂರ್ತಿ ಹೋಗುವ ತನಕ. ಗೋಂದಿನ ಹಬೆ ಪಿಸ್ತೂಲಿನ ರಬ್ಬರ್ ಸೀಲಿಗೆ ಒಳ್ಳೆಯದಲ್ಲ.

ಪರೀಕ್ಷೆ ಹೀಗೆ ಮಾಡಿದೆ. ಮುಚ್ಚಳದ ಫೋಮಿಗೂ ಗೂಡಿನ ಅಂಚಿಗೂ ಟಾಲ್ಕಂ ಪೌಡರ್ ತೆಳುವಾಗಿ ಸವರಿದೆ. ರಂಗೋಲಿ ಪುಡಿ ಬೇಡ, ಅದು ಕಲ್ಲು, ಗೀರು ಬೀಳುತ್ತದೆ. ಖಾಲಿ ಪಿಸ್ತೂಲ್ ಇಟ್ಟು, ಮುಚ್ಚಿ, ಹಾಸಿಗೆಯ ಮೇಲೆ ಹಿಡಿದುಕೊಂಡು ತಲೆಕೆಳಗು ಮಾಡಿ ಚೆನ್ನಾಗಿ ಕುಲುಕಿದೆ. ತೆರೆದು ನೋಡಿದರೆ ಬಿಳಿ ಎಲ್ಲೆಲ್ಲಿ ಅಂಟಿದೆಯೋ ಅಲ್ಲೆಲ್ಲ ಫೋಮ್ ತಾಗುತ್ತಿದೆ ಅಂತ ಅರ್ಥ. ಗ್ರಿಪ್ಪಿನ ಮೇಲೆ, ಬಾಡಿಯ ಮೇಲೆ ಬಿಳಿ ಇದ್ದರೆ ಸರಿ. ಸೈಟಿನ ತಿರುಪಿನ ತುದಿಯಲ್ಲಿ ಒಂದು ಚುಕ್ಕೆ ಕಂಡಿತು, ಮುಚ್ಚಳದಲ್ಲಿ ಆ ಜಾಗ ಕೊರೆದು ತೆಗೆದೆ. ಟ್ರಿಗರ್ ಕಪ್ಪಗೇ ಇತ್ತು. ರೇಸ್ ಹೋಲ್‌ಸ್ಟರ್ ತಗೊಂಡವರೂ ಹೀಗೇ ಖಾಲಿ ಪಿಸ್ತೂಲ್ ಇಟ್ಟು, ಲಾಕ್ ಹಾಕಿ, ಬಗ್ಗಿ, ಜಿಗಿದು ನೋಡುವುದು ಒಳ್ಳೆಯದು.

ನಳಿಕೆ ಯಾವ ಕಡೆ ಎನ್ನುವುದು ಮೂರನೆಯ ಪ್ರಶ್ನೆಯಾಗಿತ್ತಲ್ಲ. ಬಹಳ ಜನ ಇದನ್ನು ಯೋಚಿಸುವುದೇ ಇಲ್ಲ. ಕೇಸನ್ನು ಸೂಟ್‌ಕೇಸಿನ ಹಾಗೆ ಉದ್ದಕ್ಕೆ ಬೆಂಚಿನ ಮೇಲಿಟ್ಟು ತೆರೆದರೆ, ಒಳಗಿನ ಪಿಸ್ತೂಲ್ ನೋಡುತ್ತಿರುವುದು ಪಕ್ಕದಲ್ಲಿ ನಿಂತ ಶೂಟರನ್ನು. ಕೇಸನ್ನು ತಿರುಗಿಸಿ, ಗಿಡ್ಡ ಬದಿ ಟಾರ್ಗೆಟ್ ಕಡೆ ಬರುವಂತೆ ಇಟ್ಟು ತೆರೆಯಬೇಕು. ಮುಚ್ಚಿದ ಕೇಸಿನಲ್ಲಿ ನಳಿಕೆ ಯಾವ ಕಡೆಗಿದೆ ಅಂತ ಹೇಗೆ ಗೊತ್ತಾಗಬೇಕು? ನಾನು ಹೊರಗೆ ಕೆಂಪು ಟೇಪಿನಿಂದ ಒಂದು ಬಾಣ ಅಂಟಿಸಿದ್ದೇನೆ. ಈಗ ನಮ್ಮ ರೇಂಜಿನಲ್ಲಿ ಸುಮಾರು ಜನರ ಕೇಸಿನ ಮೇಲೆ ಬಾಣ ಇದೆ. ಮುಚ್ಚಳ ಪಕ್ಕಕ್ಕೆ ತೆರೆದುಕೊಳ್ಳುವುದರಿಂದ ನೆರೆಯವರಿಗೆ ಸ್ವಲ್ಪ ಅಡ್ಡಿಯಾಗುತ್ತದೆ. ಪಿಸ್ತೂಲ್ ತೆಗೆದ ಕೂಡಲೇ ಮುಚ್ಚಿ ಕೆಳಗಿಟ್ಟರೆ ಆಯಿತು.

ನೀರು ಹೋಗದ ಕೇಸಿನಲ್ಲಿ ಒಂದು ಅಪಾಯವೂ ಇದೆ. ಒಳಗೆ ಹೋದ ತೇವ ಹೊರಗೂ ಬರುವುದಿಲ್ಲ. ಜುಲೈ ತಿಂಗಳಲ್ಲಿ ಬೆವರು ಕೈಯಲ್ಲಿ ಆಡಿ, ಹಾಗೇ ಮುಚ್ಚಿ, ಮುಂದಿನ ವಾರ ತೆರೆದರೆ ತುಕ್ಕಿನ ಚುಕ್ಕಿ ಕಾದಿರುತ್ತದೆ. ಮರದ ಗ್ರಿಪ್ಪೂ ಉಬ್ಬುತ್ತದೆ. ಮನೆಗೆ ಬಂದ ಮೇಲೆ ಪಿಸ್ತೂಲ್ ಒರೆಸಿ, ಕೇಸನ್ನು ಫ್ಯಾನಿನ ಕೆಳಗೆ ತೆರೆದಿಟ್ಟು, ಆಮೇಲೆ ಬೀಗ ಹಾಕುತ್ತೇನೆ. ಒಳಗೆ ಸಿಲಿಕಾ ಜೆಲ್ ಚೀಲ ಇರುತ್ತದೆ. ನೀಲಿ ಹರಳು ಗುಲಾಬಿಯಾದರೆ ತೇವ ಹೀರಿ ತುಂಬಿದೆ ಅಂತ ಲೆಕ್ಕ, ಬದಲಾಯಿಸಬೇಕು.

ಪಿಸ್ತೂಲಿಗೆ ಸಿಕ್ಕಿಸುವ ಗಾಳಿ ಸಿಲಿಂಡರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತುಂಬಿದಾಗ 200 ಬಾರ್ ಒತ್ತಡ ಇರುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಕೇಸ್ ಬಿಡಬೇಡಿ. ಸಿಲಿಂಡರಿನ ಮೇಲೆ ಅಚ್ಚಾದ ತಾರೀಖು ನೋಡಿಕೊಳ್ಳಿ, ಅವಧಿ ಮುಗಿದದ್ದನ್ನು ಪಂದ್ಯಕ್ಕೆ ತರುವಂತಿಲ್ಲ. ವಿಮಾನದಲ್ಲಿ ಹೋಗುವುದಾದರೆ ಖಾಲಿ ಮಾಡಿ, ಬಿಚ್ಚಿ ಇಡಬೇಕು.

ಮುಚ್ಚಳದ ಒಳಗಡೆ ಒಂದು ಪ್ಲಾಸ್ಟಿಕ್ ಲಕೋಟೆ ಅಂಟಿಸಿದ್ದೇನೆ. ಅದರಲ್ಲಿ ಪಿಸ್ತೂಲಿನ ಬಿಲ್ಲು, ಸಂಘದ ಕಾರ್ಡು, ಪಂದ್ಯದ ಪತ್ರ. 20 ಜೂಲ್‌ಗಿಂತ ಕಡಿಮೆ ಶಕ್ತಿಯ 4.5 ಮಿಲಿಮೀಟರ್ ಏರ್ ಪಿಸ್ತೂಲಿಗೆ 2016ರ ಶಸ್ತ್ರ ನಿಯಮದಂತೆ ಲೈಸೆನ್ಸ್ ಬೇಕಿಲ್ಲ. ನಮ್ಮ ಪಿಸ್ತೂಲಿನ ಶಕ್ತಿ ಅದರ ಅರ್ಧವೂ ಇಲ್ಲ. ಆದರೆ ಸ್ಟೇಷನ್ನಿನ ಸ್ಕ್ಯಾನರಿನಲ್ಲಿ ಅದು ಕಾಣುವುದು ಪಿಸ್ತೂಲಾಗಿಯೇ ಅಲ್ವಾ? ಕೇಳಿದರೆ ವಾದ ಮಾಡದೆ ಕಾಗದ ತೋರಿಸುತ್ತೇನೆ. ಪ್ಲಾಟ್‌ಫಾರ್ಮಿನಲ್ಲಿ ಕೇಸ್ ತೆರೆಯುವುದಿಲ್ಲ. ನೋಡಲೇಬೇಕು ಅಂದರೆ ಅವರ ಕೋಣೆಗೆ ಹೋಗಿ ತೆರೆಯುತ್ತೇನೆ.

ಹೊಸಬರಿಗೆ ಇಷ್ಟು ದುಡ್ಡು ಹಾಕುವುದೂ ಕಷ್ಟ, ಗೊತ್ತು. ನಮ್ಮಲ್ಲಿ ಒಬ್ಬ ಪಿಯುಸಿ ಹುಡುಗ ಹಾರ್ಡ್‌ವೇರ್ ಅಂಗಡಿಯಲ್ಲಿ ಡ್ರಿಲ್ ಮೆಷಿನ್ ಇಡುವ ಪ್ಲಾಸ್ಟಿಕ್ ಡಬ್ಬಿ ತಂದು, ಅದೇ ಕಾಕಾನ ಅಂಗಡಿಯ ಹಾಳೆ ಕತ್ತರಿಸಿ ಗೂಡು ಮಾಡಿಕೊಂಡಿದ್ದಾನೆ. ಬೀಗದ ತೂತು ಇರಲಿಲ್ಲ, ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಕಬ್ಬಿಣದ ಕೊಂಡಿ ಮಾಡಿಸಿ ರಿವೆಟ್ ಹೊಡೆಸಿದ. ಪೌಡರ್ ಹಾಕಿ ಕುಲುಕಿ ನೋಡಿದೆವು, ಟ್ರಿಗರಿಗೆ ಏನೂ ತಾಗಿಲ್ಲ. ಮಳೆ ನೀರು ಮಾತ್ರ ತಡೆಯುವುದಿಲ್ಲ. ಅದಕ್ಕೆ ಜೂನ್‌ನಿಂದ ಸೆಪ್ಟೆಂಬರ್ ತನಕ ಡಬ್ಬಿಯನ್ನು ಗೊಬ್ಬರದ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬರುತ್ತಾನೆ.