ವೇನ್ ಒತ್ತಿದರೆ ಮುಚ್ಚಬೇಕು
ಒಂದೇ ಕಾಲು ಬಾತುಕೊಂಡು ಬಂದವರನ್ನು ನಾನು ಸುಮ್ನೆ ಮುಟ್ಟಿ ನೋಡಿ ಕಳಿಸುವುದಿಲ್ಲ. ಒಳಗಿನ ದೊಡ್ಡ ವೇನ್‌ನಲ್ಲಿ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳದಲ್ಲಿ, ರಕ್ತ ಹೆಪ್ಪುಗಟ್ಟಿದ್ದರೆ, ಅದರ ತುಣುಕು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು ತರಬಹುದು.

ನಾನಿರುವುದು ಗೋವಾದ ವಾಸ್ಕೋದಲ್ಲಿ, ತುರ್ತು ಚಿಕಿತ್ಸೆಯ ವಿಭಾಗದಲ್ಲಿ. ಗದಗ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರು ಇಲ್ಲಿ ಬಹಳ. ಅಂಥ ಒಬ್ಬ ಗೌಂಡಿಯ ಕಾಲಿನ ಪ್ಲಾಸ್ಟರ್ ಆಗಷ್ಟೇ ಬಿಚ್ಚಿತ್ತು. "ಎಲುಬು ಕೂಡೇತಿ ಅಂದಾರ್ರೀ ಸರ, ಮತ್ಯಾಕ ಬಾವು ಇಳಿವಲ್ದು?" ಅಂದರು. ಟೇಪ್ ಹಿಡಿದು ಎರಡೂ ಮೀನಖಂಡ ಅಳೆದೆ. ವ್ಯತ್ಯಾಸ 3 ಸೆಂ.ಮೀ.ಗಿಂತ ಜಾಸ್ತಿ. ಪ್ಲಾಸ್ಟರ್‌ಗೆ ಒಂದು, ಊತಕ್ಕೆ ಒಂದು, ಒತ್ತಿದಾಗಿನ ನೋವಿಗೆ ಒಂದು, ಅಲ್ಲಿಗೆ ಹೆಪ್ಪಿನ ಸಾಧ್ಯತೆ ಅಳೆಯುವ ವೆಲ್ಸ್ ಸ್ಕೋರ್ 3. ಎರಡಾದರೂ ಅನುಮಾನ ಗಟ್ಟಿಯೇ. ಇಂಥವರಲ್ಲಿ ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ರಕ್ತಪರೀಕ್ಷೆಯೊಂದನ್ನೇ ನಂಬುವ ಹಾಗಿಲ್ಲ.

ಅಲ್ಟ್ರಾಸೌಂಡ್ ಸ್ಕ್ಯಾನ್‌ಗೆ ಅಂತ ಬೆಡ್‌ನ ತಲೆಭಾಗ ಸ್ವಲ್ಪ ಎತ್ತಿದೆ, ರಕ್ತ ಇಳಿದು ನಾಳ ತುಂಬಲಿ ಅಂತ. ಮೊಣಕಾಲು ಮಡಚಿ ಹೊರಕ್ಕೆ ವಾಲಿಸಿದೆ. ತೊಡೆಸಂದಿನಲ್ಲಿ ಲೀನಿಯರ್ ಪ್ರೋಬ್ (ಮೈಮೇಲಿಟ್ಟು ನೋಡುವ ಸಾಧನ) ಅಡ್ಡಲಾಗಿ ಇಟ್ಟರೆ ಪರದೆಯಲ್ಲಿ ಅಕ್ಕಪಕ್ಕ ಎರಡು ಕಪ್ಪು ವೃತ್ತ ಕಾಣುತ್ತವೆ. ಮಿಡಿಯುವುದು ಆರ್ಟರಿ, ಹೃದಯದಿಂದ ರಕ್ತ ತರುವ ನಾಳ. ಇನ್ನೊಂದು ವೇನ್, ನಮಗೆ ಬೇಕಾದದ್ದು. ನೇರ ಕೆಳಕ್ಕೆ ಒತ್ತಿದಾಗ ಚೆನ್ನಾಗಿರುವ ವೇನ್‌ನ ಗೋಡೆಗಳು ಒಂದಕ್ಕೊಂದು ಅಂಟಿ ವೃತ್ತವೇ ಮಾಯ. ಆರ್ಟರಿಯ ಆಕಾರ ಕೆಡುವಷ್ಟು ಒತ್ತಿದರೂ ಮುಚ್ಚದಿದ್ದರೆ ಒಳಗೆ ಹೆಪ್ಪಿದೆ ಅಂತಲೇ ಲೆಕ್ಕ. ಹೆಪ್ಪು ಕಣ್ಣಿಗೆ ಕಾಣಲಿ ಅಂತ ಕಾಯಬಾರದು. ಹೊಸ ಹೆಪ್ಪು ರಕ್ತದಷ್ಟೇ ಕಪ್ಪಗಿರಬಹುದು. ಹೊಸ ಡಾಕ್ಟರುಗಳಿಗೆ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ.

ಸೆಂಟಿಮೀಟರಿಗೊಮ್ಮೆ ಒತ್ತುತ್ತ ತೊಡೆಯ ಮೇಲ್ಭಾಗ ನೋಡಿದೆ. ಆಮೇಲೆ ಮೊಣಕಾಲ ಹಿಂದೆ, ನಾಳ ಕವಲೊಡೆಯುವ ತನಕ. ಇಲ್ಲಿ ಕೈ ಹಗುರವಿರಬೇಕು. ಪ್ರೋಬಿನ ಭಾರಕ್ಕೇ ವೇನ್ ಮುಚ್ಚಿಹೋಗಿ ಸಿಗದೇ ಇರಬಹುದು.

ಅವರ ವೇನ್ ಎಲ್ಲ ಕಡೆ ಪೂರ್ತಿ ಮುಚ್ಚಿತು. "ಹಂಗಾರ ಊರಿಗೆ ಹೋಗ್ಲೇನ್ರೀ?" ಅಂದರು.

ನನ್ನ ಪ್ರಕಾರ ಕಷ್ಟದ ಕೆಲಸ ಶುರುವಾಗುವುದು ಆಗಲೇ. ಈ ಸ್ಕ್ಯಾನ್‌ನಲ್ಲಿ ಮೀನಖಂಡದ ಸಣ್ಣ ನಾಳಗಳನ್ನು ನೋಡಿರುವುದಿಲ್ಲ. ಅಲ್ಲಿ ಹೆಪ್ಪಿದ್ದರೆ ಮೇಲಕ್ಕೆ ಬೆಳೆಯಬಹುದು. ಡಿ-ಡೈಮರ್ ಸರಿಯಿದ್ದಿದ್ದರೆ ಧೈರ್ಯವಾಗಿ ಕಳಿಸುತ್ತಿದ್ದೆ, ಆದರೆ ಅದು ಏರಿತ್ತು. ಮೂಳೆ ಮುರಿದವರಲ್ಲಿ ಏರುವುದುಂಟು ನಿಜ, ಹಾಗಂತ ಬಿಡೋಕಾಗುತ್ತಾ? ವಾರ ಬಿಟ್ಟು ಇನ್ನೊಂದು ಸ್ಕ್ಯಾನ್ ಆಗಲೇಬೇಕು. ಗದಗದಲ್ಲೂ ಮಾಡಿಸಬಹುದು. ಹಾಗಾಗಿ ಎಲ್ಲೆಲ್ಲಿ ಒತ್ತಿ ನೋಡಿದೆ, ಏನು ಕಂಡಿತು, ಮತ್ತೆ ಯಾವ ತಾರೀಖಿಗೆ ನೋಡಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಅವರ ಹೆಂಡತಿಯನ್ನೂ ಒಳಗೆ ಕರೆದು ಹೇಳಿದೆ: "ಉಸಿರು ಕಟ್ಟಿದ್ರ, ಎದಿ ನೋವು ಬಂದ್ರ ಈ ತಾರೀಖಿಗೆ ಕಾಯಬ್ಯಾಡ್ರಿ ಅಕ್ಕಾ, ಆಗಿಂದಾಗ ಹತ್ತಿರದ ದವಾಖಾನಿಗೆ ಕರ್ಕೊಂಡು ಹೋಗ್ರಿ."