ಹಸಿರು ಚುಕ್ಕಿ ಎಣಿಸಿದ್ದು

ಆಯುಧಪೂಜೆ ಮುಗಿದು ಲ್ಯಾಬ್ ಬಾಗಿಲು ತೆಗೆದ ಮೊದಲ ದಿನ. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ ಸ್ಲೈಡಿನ ತುಂಬ ಹಸಿರು ಚುಕ್ಕಿ. ಖುಷಿಯಾಯಿತು. ನನ್ನ ಕೆಲಸದಲ್ಲಿ ಹಸಿರು ಚುಕ್ಕಿ ಎಂದರೆ ಡಿಎನ್‌ಎ ಕಡಿದ ಜಾಗ. ಸ್ವಲ್ಪ ಹೊತ್ತು ನೋಡಿದ ಮೇಲೆ ಅನುಮಾನ ಬಂತು. ಚುಕ್ಕಿಗಳು ನ್ಯೂಕ್ಲಿಯಸ್ ಒಳಗಷ್ಟೇ ಅಲ್ಲ, ಹೊರಗೂ ಇವೆ. ಸೆಲ್ಲೇ ಇಲ್ಲದ ಖಾಲಿ ಗಾಜಿನ ಮೇಲೂ ಇವೆ. ಚುಕ್ಕಿಗೆ ಹಸಿರು ಬಣ್ಣ ಕೊಡುವ ಆಂಟಿಬಾಡಿ ಹಾಕದ ಸ್ಲೈಡ್ ಇಟ್ಟು ನೋಡಿದೆ. ಅಲ್ಲೂ ಇವೆ!

ಅರಿಶಿನ. ಪೂಜೆಯ ದಿನ ಸೆಂಟ್ರಿಫ್ಯೂಜ್, ಇನ್‌ಕ್ಯುಬೇಟರ್, ಮೈಕ್ರೋಸ್ಕೋಪು ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ ಹೂ ಏರಿಸಿದ್ದೆವು. ಪಕ್ಕದಲ್ಲಿದ್ದ ಸ್ಲೈಡ್ ಡಬ್ಬಿಯೊಳಗೂ ಪುಡಿ ಉದುರಿತ್ತು. ಅರಿಶಿನದಲ್ಲಿರುವ ಕರ್ಕ್ಯುಮಿನ್ ನೀಲಿ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುತ್ತದೆ. ಹಚ್ಚಿದವಳು ನಾನೇ, ಹಾಗಾಗಿ ಯಾರನ್ನೂ ಬೈಯುವಂತಿರಲಿಲ್ಲ.

ನಾನು ಮೈಸೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಊರು ಮಂಡ್ಯದ ಕಡೆ, ವಿಶ್ವೇಶ್ವರಯ್ಯ ನಾಲೆಯ ಬಯಲು. ಕೆಲಸ ಲಿಂಫೋಮಾ ಸೆಲ್‌ಗಳ ಮೇಲೆ. ಲಿಂಫೋಮಾ ಎಂದರೆ ಮೈ ಕಾಯುವ ಬಿಳಿ ರಕ್ತಕಣಗಳಲ್ಲೇ, ಅದರಲ್ಲೂ ಹೆಚ್ಚಾಗಿ ರೋಗಾಣು ಹಿಡಿಯುವ ಆಂಟಿಬಾಡಿ ಎಂಬ ಪ್ರೋಟೀನ್ ಮಾಡುವ ಬಿ ಸೆಲ್‌ಗಳಲ್ಲಿ ಹುಟ್ಟುವ ಕ್ಯಾನ್ಸರ್. ಆ ಸೆಲ್‌ಗಳಲ್ಲಿ ಕಡಿದ ಡಿಎನ್‌ಎ ಹೇಗೆ ರಿಪೇರಿಯಾಗುತ್ತದೆ, ಅದಕ್ಕೆ ಕ್ರೊಮ್ಯಾಟಿನ್, ಅಂದರೆ ಡಿಎನ್‌ಎ ಪ್ರೋಟೀನಿಗೆ ಸುತ್ತಿಕೊಂಡಿರುವ ಕಟ್ಟು, ಅಡ್ಡಿಯೋ ಸಹಾಯವೋ ಅನ್ನುವುದು ನನ್ನ ಪ್ರಶ್ನೆ. ಇದನ್ನು ಊರಲ್ಲಿ ಹೇಳುವುದು ಕಷ್ಟ. ಅವ್ವ "ಕ್ಯಾನ್ಸರ್‌ಗೆ ಔಷಧಿ ಮಾಡ್ತಾವ್ಳೆ" ಅಂತ ಬೀದಿಗೆಲ್ಲ ಹೇಳಿಬಿಟ್ಟಿದ್ದಾಳೆ. ಅಪ್ಪ ಮಾತ್ರ ಕೆದಕಿ ಕೇಳುತ್ತಾನೆ. ಒಂದು ಸಲ ಭತ್ತದ ಗದ್ದೆಗೆ ನೀರು ಹಾಯಿಸುವಾಗ ಕೇಳಿದ.

"ಅಲ್ಲ ಕಣವ್ವ, ಅಷ್ಟು ಬೆಲೆಬಾಳೋ ವಸ್ತು ಅಂತೀಯ. ಅದನ್ನ ಕಡ್ಯೋರು ಯಾರು?"

"ಎಕ್ಸ್-ರೇ ಕಡೀತದೆ, ಕೆಲವು ಔಷಧಿ ಕಡೀತವೆ. ಆದ್ರೆ ಈ ಬಿ ಸೆಲ್‌ಗಳು ತಾವೇ ಕಡ್ಕೊತವೆ ಅಪ್ಪ."

ಗುದ್ದಲಿ ಊರಿ ನಿಂತ. "ತಾವೇನಾ?"

ಹೌದು, ತಾವೇ. ರೋಗಾಣುಗಳಿಗೆ ಲೆಕ್ಕವಿಲ್ಲ. ನಮ್ಮಲ್ಲಿರುವ ಪ್ರೋಟೀನ್ ಜೀನ್‌ಗಳು ಒಟ್ಟು ಸುಮಾರು 20,000. ಒಂದೊಂದು ರೋಗಾಣುವಿಗೆ ಒಂದೊಂದು ಆಂಟಿಬಾಡಿ ಜೀನ್ ಇಡಲು ಹೇಗೆ ಸಾಧ್ಯ? ಹಾಗಾಗಿ ಬಿ ಸೆಲ್ ಮೂಳೆಮಜ್ಜೆಯಲ್ಲಿ ಬೆಳೆಯುವಾಗಲೇ ಆಂಟಿಬಾಡಿ ಜೀನಿನ ತುಂಡುಗಳನ್ನು ಕಡಿದು ಬೇರೆ ಬೇರೆ ಥರ ಜೋಡಿಸಿಕೊಳ್ಳುತ್ತದೆ. 1976ರಲ್ಲಿ ಇದನ್ನು ತೋರಿಸಿದವರು ಸುಸುಮು ಟೊನೆಗಾವಾ. 1987ರಲ್ಲಿ ಅವರಿಗೆ ನೊಬೆಲ್ ಬಂತು. ಸೋಂಕು ತಗುಲಿದ ಮೇಲೆ ದುಗ್ಧಗ್ರಂಥಿಯಲ್ಲಿ ಎರಡನೇ ಸುತ್ತು. ಆ ಸುತ್ತಿನ ಕೆಲಸಗಾರ ಎಐಡಿ ಎಂಬ ಕಿಣ್ವ. ಕ್ಯೋಟೊದಲ್ಲಿ ತಸುಕು ಹೊಂಜೊ ಅವರ ಲ್ಯಾಬಿನಲ್ಲಿ 1999ರಲ್ಲಿ ಸಿಕ್ಕಿದ್ದು. (ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂದದ್ದು ಬೇರೆ ಕೆಲಸಕ್ಕೆ. ನನ್ನನ್ನು ಕೇಳಿದರೆ ಇದಕ್ಕೂ ಕೊಡಬಹುದಿತ್ತು.) ಎಐಡಿ ಡಿಎನ್‌ಎಯ ಸೈಟೋಸಿನ್ ಅನ್ನು ಯುರಾಸಿಲ್ ಮಾಡುತ್ತದೆ. ಅದು ಡಿಎನ್‌ಎಯಲ್ಲಿ ಇರಬಾರದ ಅಕ್ಷರ. ಅದನ್ನು ಕಿತ್ತುಹಾಕಲು ಬಂದ ರಿಪೇರಿ ಪ್ರೋಟೀನುಗಳು ಎಳೆ ಕಡಿಯುತ್ತವೆ, ನಡುವಿನ ತುಂಡು ಹೋಗುತ್ತದೆ, ಎರಡು ತುದಿ ಸೇರುತ್ತವೆ. ಐಜಿಎಂ ಎಂಬ ಬಗೆಯ ಆಂಟಿಬಾಡಿ ಮಾಡುತ್ತಿದ್ದ ಸೆಲ್ ಐಜಿಜಿ ಎಂಬ ಇನ್ನೊಂದು ಬಗೆಯದನ್ನು ಮಾಡತೊಡಗುತ್ತದೆ.

ಅಪ್ಪನಿಗೆ ಇಷ್ಟೆಲ್ಲ ಹೇಳಲಿಲ್ಲ. "ನೀನು ಬದು ಕಡಿದು ನೀರು ತಿರುಗಿಸಿ ಮತ್ತೆ ಮುಚ್ತೀಯಲ್ಲ, ಹಂಗೆ" ಅಂದೆ. ಸುಮ್ಮನೆ ತಲೆ ಆಡಿಸಿದ. ಎರಡು ಏಟಿಗೆ ಬದು ಕಡಿದ, ನೀರು ಪಕ್ಕದ ಗದ್ದೆಗೆ ನುಗ್ಗಿತು. ಗದ್ದೆ ತುಂಬಿದ ಮೇಲೆ ಬಾಯಿಗೆ ಮಣ್ಣು ಎಳೆದು ಹಿಮ್ಮಡಿಯಲ್ಲಿ ತುಳಿದ. ಮೊದಲ ಮಣ್ಣು ಕೊಚ್ಚಿಹೋಯಿತು. ಒಂದು ಹಿಡಿ ಹುಲ್ಲು ಕಿತ್ತು ಮಣ್ಣಿನ ಜೊತೆ ಸೇರಿಸಿ ಒತ್ತಿದಾಗ ನಿಂತಿತು. "ಕಡ್ಯೋದೇನು ದೊಡ್ಡದು. ಮುಚ್ಚಕ್ಕೆ ಮಣ್ಣು ಅಲ್ಲೇ ಕೈಗೆ ಸಿಗಂಗಿರಬೇಕು" ಅಂದ. ನನ್ನ ಗೈಡ್ ಮೂರು ಮೀಟಿಂಗಿನಲ್ಲಿ ಹೇಳಿದ್ದು ಹೆಚ್ಚುಕಮ್ಮಿ ಇದೇ.

ಯಾಕೆಂದರೆ ಡಿಎನ್‌ಎ ಬೆತ್ತಲೆ ದಾರವಲ್ಲ. ಒಂದು ಸೆಲ್ಲಿನ ಡಿಎನ್‌ಎ ಬಿಚ್ಚಿದರೆ ಸುಮಾರು ಎರಡು ಮೀಟರ್. ಅದು ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ, ಉಂಡೆಗೆ 147 ಅಕ್ಷರದ ಹಾಗೆ, ಸುತ್ತಿಕೊಂಡಿರುತ್ತದೆ. ಈ ಕಟ್ಟೇ ಕ್ರೊಮ್ಯಾಟಿನ್. ಹಿಸ್ಟೋನಿನ ಬಾಲದ ಮೇಲೆ ಸೆಲ್ ಸಣ್ಣ ಸಣ್ಣ ಗುರುತು ಅಂಟಿಸುತ್ತದೆ. ಕೆಲವು ಗುರುತಿದ್ದ ಕಡೆ ಜೀನ್ ತೆರೆದಿರುತ್ತದೆ, ಕೆಲವಿದ್ದ ಕಡೆ ಮುಚ್ಚಿರುತ್ತದೆ. ನಾಲೆಗೆ ನೀರಗಂಟಿ ಇದ್ದ ಹಾಗೆ, ಯಾವ ತೂಬು ಯಾವಾಗ ತೆರೆಯಬೇಕು ಅನ್ನುವ ಲೆಕ್ಕ ಈ ಗುರುತು ಅಂಟಿಸುವ ಕಿಣ್ವಗಳ ಕೈಯಲ್ಲಿದೆ.

ಮುಚ್ಚುವಾಗ ಎಡವಟ್ಟಾದರೆ ಏನಾಗುತ್ತದೆ? 14ನೇ ಕ್ರೋಮೋಸೋಮಿನಲ್ಲಿ ಕಡಿದ ಆಂಟಿಬಾಡಿ ಜೀನಿನ ತುದಿ 8ನೇ ಕ್ರೋಮೋಸೋಮಿನ ಮಿಕ್ ಜೀನಿಗೆ ಹೋಗಿ ಅಂಟಿದರೆ ಬರ್ಕಿಟ್ ಲಿಂಫೋಮಾ. 18ನೆಯದರ ಬಿಸಿಎಲ್2ಗೆ ಅಂಟಿದರೆ ಫಾಲಿಕ್ಯುಲರ್ ಲಿಂಫೋಮಾ. ಬಿ ಸೆಲ್ಲಿನಲ್ಲಿ ಆಂಟಿಬಾಡಿ ಜೀನಿನ ತೂಬು ಯಾವಾಗಲೂ ತೆರೆದೇ ಇರುತ್ತದೆ. ಆ ತೂಬಿನ ಕೆಳಗೆ ಸೆಲ್ ಬೆಳೆಸುವ ಜೀನೋ ಸಾಯಲು ಬಿಡದ ಜೀನೋ ಬಂದು ಕೂತರೆ ಹಗಲೂ ರಾತ್ರಿ ನೀರು. ಬಿಸಿಎಲ್2 ಅಲ್ಲೇ ಯಾಕೆ ಕಡಿಯುತ್ತದೆ ಎಂಬುದಕ್ಕೆ ಒಂದು ಉತ್ತರ 2004ರಲ್ಲಿ ಬಂತು. ಆ ಜಾಗದ ಡಿಎನ್‌ಎ ಮಾಮೂಲಿ ಸುರುಳಿಯ ಆಕಾರ ಬಿಟ್ಟು ಬೇರೆ ರೂಪ ತಾಳುತ್ತದೆ, ಮೂಳೆಮಜ್ಜೆಯಲ್ಲಿ ಜೀನ್ ಕಡಿಯುವ ರ್‍ಯಾಗ್ ಪ್ರೋಟೀನು ಅದನ್ನೇ ಗುರಿ ಅಂದುಕೊಂಡು ಕಡಿಯುತ್ತದೆ. ಆ ಪ್ರಬಂಧದ ಮೊದಲ ಹೆಸರು ಸತೀಶ್ ರಾಘವನ್ ಅವರದು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು. ನಾನು ಈ ವಿಷಯ ಹಿಡಿಯಲು ಅದೂ ಒಂದು ಕಾರಣ.

ನನ್ನ ಪಾಲಿಗೆ ಬಂದದ್ದು ಇಜಡ್‌ಎಚ್2. ಎಚ್3 ಹಿಸ್ಟೋನಿನ 27ನೇ ಅಮೈನೋ ಆಮ್ಲವಾದ ಲೈಸಿನ್ ಮೇಲೆ ಮೂರು ಮಿಥೈಲ್ ಗುರುತು ಅಂಟಿಸಿ ತೂಬು ಮುಚ್ಚುವ ಕಿಣ್ವ ಇದು. ಲಿಂಫೋಮಾಗಳಲ್ಲಿ ಇದರ 641ನೇ ಅಮೈನೋ ಆಮ್ಲ ಬದಲಾಗಿರುವುದು 2010ರಲ್ಲಿ ಗೊತ್ತಾಯಿತು. ಹಾಗೆ ಬದಲಾದ ಕಿಣ್ವ ಮಾಮೂಲಿ ಕಿಣ್ವದ ಜೊತೆ ಸೇರಿ ಮೂರು ಮಿಥೈಲಿನ ಗುರುತನ್ನು ವಿಪರೀತ ಜಾಸ್ತಿ ಮಾಡುತ್ತದೆ. ಇದನ್ನು ತಡೆಯುವ ಟ್ಯಾಜೆಮೆಟೋಸ್ಟಾಟ್‌ಗೆ 2020ರಲ್ಲಿ ಅಮೆರಿಕದಲ್ಲಿ ಫಾಲಿಕ್ಯುಲರ್ ಲಿಂಫೋಮಾಗೆ ಅನುಮತಿ ಸಿಕ್ಕಿತು. ನನ್ನ ಪ್ರಶ್ನೆ ಸಣ್ಣದು: ಗುರುತು ವಿಪರೀತ ಇರುವ ಸೆಲ್ಲಿನಲ್ಲಿ ಅದನ್ನು ತೆಗೆದರೆ ಕಡಿದ ಡಿಎನ್‌ಎ ಬೇಗ ಮುಚ್ಚುತ್ತದೋ, ತಡವಾಗುತ್ತದೋ?

ಕಡಿಯಲು ಎಟೊಪೊಸೈಡ್. ಲಿಂಫೋಮಾ ರೋಗಿಗಳಿಗೂ ಕೊಡುವ ಔಷಧಿಯೇ. ಒಂದು ಗಂಟೆ ಹಾಕಿ, ತೊಳೆದು, 1, 6, 24 ಗಂಟೆ ಬಿಟ್ಟು ನೋಡುವುದು. ನೋಡುವುದಕ್ಕೆ ಗಾಮಾ-ಎಚ್2ಎಎಕ್ಸ್. ಡಿಎನ್‌ಎಯ ಎರಡೂ ಎಳೆ ಕಡಿದ ಕೆಲವೇ ನಿಮಿಷದಲ್ಲಿ ಅಕ್ಕಪಕ್ಕದ ಎಚ್2ಎಎಕ್ಸ್ ಹಿಸ್ಟೋನಿಗೆ 139ನೇ ಸೆರಿನ್ ಮೇಲೆ ಫಾಸ್ಫೇಟ್ ಬೀಳುತ್ತದೆ ಎಂದು ವಿಲಿಯಂ ಬಾನರ್ ಅವರ ಲ್ಯಾಬ್ 1998ರಲ್ಲಿ ತೋರಿಸಿತು. ಕಡಿತ ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ಈ ಗುರುತು ಕಡಿತದ ಎರಡೂ ಕಡೆ ಲಕ್ಷಾಂತರ ಅಕ್ಷರಗಳಷ್ಟು ದೂರ ಹಬ್ಬುತ್ತದೆ. ಅದಕ್ಕೇ ಹಸಿರು ಆಂಟಿಬಾಡಿ ಹಾಕಿದರೆ ಚುಕ್ಕಿಯಾಗಿ ಕಾಣುತ್ತದೆ. ಕ್ರೊಮ್ಯಾಟಿನ್ ಇಲ್ಲದಿದ್ದರೆ ನನಗೆ ಎಣಿಸಲು ಏನೂ ಇರುತ್ತಿರಲಿಲ್ಲ, ಅಲ್ವಾ?

ಸುಲಭ ಅನ್ನಿಸುತ್ತದೆ. ಮೊದಲ ಮೂರು ತಿಂಗಳು ಸೆಲ್ ಗಾಜಿಗೆ ಅಂಟಲೇ ಇಲ್ಲ. ಲಿಂಫೋಮಾ ಸೆಲ್‌ಗಳು ಸೆಲ್ ಬೆಳೆಸುವ ದ್ರವದಲ್ಲಿ, ಅಂದರೆ ಮೀಡಿಯಾದಲ್ಲಿ, ತೇಲುತ್ತಿರುತ್ತವೆ. ಒಂದೊಂದು ಸಲ ತೊಳೆದಾಗಲೂ ಅರ್ಧ ಸೆಲ್ ಸಿಂಕಿಗೆ. ಕವರ್‌ಸ್ಲಿಪ್‌ಗೆ ಪಾಲಿ-ಲೈಸಿನ್ ಬಳಿದು, ಸೆಲ್ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಬಿಟ್ಟ ಮೇಲೆ ನಿಂತವು. ತೊಳೆಯುವಾಗ ಪಿಪೆಟನ್ನು ಸೆಲ್ ಮೇಲೆ ಹಿಡಿಯಬಾರದು, ಗೋಡೆಗೆ ಹಿಡಿದು ಇಳಿಬಿಡಬೇಕು. ಇದು ಯಾವ ಪ್ರೋಟೋಕಾಲಿನಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ, ಪಕ್ಕದ ಬೆಂಚಿನ ಅಕ್ಕ ಹೇಳಿಕೊಟ್ಟದ್ದು. ಆಮೇಲೆ ಹಾಲಿನ ಪುಡಿ. ಬೇಡದ ಕಡೆ ಆಂಟಿಬಾಡಿ ಅಂಟದಿರಲಿ ಅಂತ ಹಾಲಿನ ಪುಡಿ ಕಲಕಿ ಹಾಕುವ ರೂಢಿ ನಮ್ಮಲ್ಲಿತ್ತು. ನನ್ನ ಆಂಟಿಬಾಡಿ ಹುಡುಕುವುದು ಫಾಸ್ಫೇಟ್ ಬಿದ್ದ ಪ್ರೋಟೀನನ್ನು. ಹಾಲಿನ ಕೇಸಿನ್‌ನಲ್ಲೇ ಬೇಕಾದಷ್ಟು ಫಾಸ್ಫೇಟ್ ಇದೆ! ಚಿತ್ರವೆಲ್ಲ ಮಬ್ಬು. ಹಸುವಿನ ರಕ್ತದ ಪ್ರೋಟೀನಾದ ಬಿಎಸ್‌ಎಗೆ ಬದಲಾಯಿಸಿದೆ, ಚುಕ್ಕಿ ಬಿಡಿಬಿಡಿಯಾಗಿ ಕಂಡಿತು. ಆ ಆಂಟಿಬಾಡಿಯ ಸಣ್ಣ ಸೀಸೆಯ ಬೆಲೆ ನನ್ನ ಒಂದು ತಿಂಗಳ ಫೆಲೋಶಿಪ್‌ಗಿಂತ ಜಾಸ್ತಿ, ಹಾಗಾಗಿ ಈ ಪಾಠ ಇನ್ನೂ ನೋಯುತ್ತದೆ.

ಇನ್ನೊಂದು: ಮೀಡಿಯಾ ಹಳದಿ ತಿರುಗಿದ ಫ್ಲಾಸ್ಕಿನ ಸೆಲ್ ಮುಟ್ಟಲೇಬೇಡಿ. ಸೆಲ್ ಕಿಕ್ಕಿರಿದು ಹಸಿದಿದೆ ಎಂದರ್ಥ. ಸಾಯುತ್ತಿರುವ ಸೆಲ್ಲಿನಲ್ಲಿ ಚುಕ್ಕಿ ಕಾಣುವುದಿಲ್ಲ, ನ್ಯೂಕ್ಲಿಯಸ್ ಪೂರ್ತಿ ಹಸಿರಾಗಿ ಉರಿಯುತ್ತದೆ. ಅದನ್ನು ನಾನು "ತುಂಬಾ ಕಡಿತ" ಅಂತ ಎಣಿಸಿ ಎರಡು ವಾರ ಹೆಮ್ಮೆಪಟ್ಟಿದ್ದೆ.

ಇವೆಲ್ಲ ಕೈಯ ತಪ್ಪು. ತಲೆಯ ತಪ್ಪು ಬೇರೆ ಇತ್ತು. ಇಜಡ್‌ಎಚ್2 ತಡೆಯುವ ಔಷಧಿಯನ್ನು ಸಂಜೆ ಹಾಕಿ ಮಾರನೇ ದಿನ ಎಟೊಪೊಸೈಡ್ ಹಾಕುತ್ತಿದ್ದೆ. ಐದು ಸಲ ಮಾಡಿದೆ, ಐದು ಸಲವೂ ಏನೂ ವ್ಯತ್ಯಾಸವಿಲ್ಲ. ಪ್ರೋಟೀನನ್ನು ಪಟ್ಟಿಯಾಗಿ ತೋರಿಸುವ ಬ್ಲಾಟ್ ಹಾಕಿ ನೋಡಿದರೆ ಮಿಥೈಲ್ ಗುರುತು ಹಾಗೇ ಇದೆ. ಕಿಣ್ವ ನಿಂತ ತಕ್ಷಣ ಹಳೆಯ ಗುರುತು ಅಳಿಸಿಹೋಗುವುದಿಲ್ಲ. ಹೊಸ ಗುರುತು ಬೀಳುವುದು ನಿಲ್ಲುತ್ತದೆ ಅಷ್ಟೇ. ಸೆಲ್ ಒಡೆದು ಎರಡಾದಾಗ ಹಳೆಯ ಹಿಸ್ಟೋನ್ ಹಂಚಿಹೋಗಿ, ಗುರುತಿಲ್ಲದ ಹೊಸ ಹಿಸ್ಟೋನ್ ಬಂದು, ಸುತ್ತಿಗೊಂದಿಷ್ಟು ತೆಳುವಾಗುತ್ತ ಹೋಗುತ್ತದೆ. ನೀರಗಂಟಿಯನ್ನು ಮನೆಗೆ ಕಳಿಸಿದರೆ ಮುಚ್ಚಿದ ತೂಬು ತಾನಾಗಿ ತೆರೆಯುತ್ತದಾ? ಎಟೊಪೊಸೈಡಿನದು ನಿಮಿಷದ ಲೆಕ್ಕ, ಇದರದು ದಿನದ ಲೆಕ್ಕ. ಎರಡನ್ನೂ ಒಂದೇ ಗಡಿಯಾರದಲ್ಲಿ ನೋಡಿದ್ದೆ. ನಾಲ್ಕು ದಿನ ಮೊದಲೇ ಔಷಧಿ ಕೊಟ್ಟ ಮೇಲೆ ಬ್ಲಾಟಿನಲ್ಲಿ ಪಟ್ಟಿ ಮಾಸಿತು. ಒಂದು ವಾರ ಬಿಟ್ಟರೆ ಸೆಲ್‌ಗಳೇ ಸೊರಗುತ್ತವೆ, ಆಗ ಏನು ನೋಡಿದರೂ ಅರ್ಥವಿಲ್ಲ. ನಾಲ್ಕನೇ ದಿನ ಹೆಚ್ಚಾಗಿ ಭಾನುವಾರವೇ ಬೀಳುತ್ತಿತ್ತು. ಕುಕ್ಕರಹಳ್ಳಿ ಕೆರೆ ಸುತ್ತು ಹಾಕುವವರನ್ನು ನೋಡಿಕೊಂಡು ಲ್ಯಾಬಿಗೆ ಹೋಗುವುದು ರೂಢಿಯಾಯಿತು.

ಈಗ ವ್ಯತ್ಯಾಸ ಕಂಡಿತು. ಗುರುತು ತೆಗೆದ ಸೆಲ್‌ಗಳಲ್ಲಿ 6 ಗಂಟೆಯ ಹೊತ್ತಿಗೆ ಚುಕ್ಕಿ ಕಡಿಮೆ. ಬೇಗ ಮುಚ್ಚುತ್ತಿದೆ! ಗೈಡ್‌ಗೆ ತೋರಿಸಿದೆ. ಅವರು ಚಿತ್ರ ನೋಡಲಿಲ್ಲ, "ಎಣಿಸುವಾಗ ಯಾವ ಸ್ಲೈಡ್ ಯಾವುದು ಅಂತ ಗೊತ್ತಿತ್ತಾ?" ಅಂದರು. ಗೊತ್ತಿತ್ತು.

ಜೂನಿಯರ್ ಹುಡುಗನೊಬ್ಬ ಲೇಬಲ್ ಮೇಲೆ ಟೇಪ್ ಅಂಟಿಸಿ ನಂಬರ್ ಬರೆದುಕೊಟ್ಟ. ಸ್ಲೈಡಿಗೆ 200 ಸೆಲ್, ಒಂದೊಂದರಲ್ಲಿ ಎಷ್ಟು ಚುಕ್ಕಿ ಎಂದು ಹಾಳೆಯಲ್ಲಿ ಗೀಟು ಎಳೆದು ಎಣಿಸಿದೆ. ಮಸುಕು ಚುಕ್ಕಿ ಬಂದಾಗ ಕೈ ತಡೆಯುತ್ತಿತ್ತು. ಇದನ್ನು ಸೇರಿಸಲಾ, ಬಿಡಲಾ? ಲೇಬಲ್ ಕಾಣುತ್ತಿದ್ದಾಗ ಈ ತಡವರಿಕೆಯೇ ಇರಲಿಲ್ಲ ಅನ್ನುವುದು ಆಗ ಹೊಳೆಯಿತು. ಔಷಧಿ ಕೊಟ್ಟ ಸ್ಲೈಡಿನಲ್ಲಿ ಮಸುಕು ಚುಕ್ಕಿ ಬಿಡುತ್ತಿದ್ದೆ, ಕೊಡದ್ದರಲ್ಲಿ ಸೇರಿಸುತ್ತಿದ್ದೆ. ಮೋಸ ಮಾಡಬೇಕು ಅಂತಲ್ಲ, ಕಣ್ಣು ತಾನಾಗಿ ಮಾಡುತ್ತಿತ್ತು. ಎಲ್ಲ ಎಣಿಸಿ ಮುಗಿಸಿದ ಮೇಲೆ ಹುಡುಗ ಟೇಪ್ ಕಿತ್ತ. "ಅಕ್ಕ, ವ್ಯತ್ಯಾಸ ಇದೆ" ಅಂದ. ಇತ್ತು, ಆದರೆ ಹಿಂದೆ ಕಂಡಿದ್ದರ ಅರ್ಧ.

ಆ ಅರ್ಧಕ್ಕೂ ಇನ್ನೊಂದು ತಕರಾರಿದೆ. ಡಿಎನ್‌ಎ ನಕಲು ಮಾಡಿಕೊಳ್ಳುತ್ತಿರುವ ಸೆಲ್ಲಿನಲ್ಲಿ ಯಾರೂ ಕಡಿಯದಿದ್ದರೂ ಒಂದಿಷ್ಟು ಚುಕ್ಕಿ ಇರುತ್ತದೆ. ಎಟೊಪೊಸೈಡ್ ಜೋರಾಗಿ ಹೊಡೆಯುವುದೂ ಅವಕ್ಕೇ. ನನ್ನ ಔಷಧಿ ಸೆಲ್‌ಗಳ ಬೆಳವಣಿಗೆ ನಿಧಾನ ಮಾಡುತ್ತದೆ, ಅಂದರೆ ನಕಲು ಮಾಡುವ ಸೆಲ್‌ಗಳೇ ಕಡಿಮೆಯಾಗುತ್ತವೆ. ಹಾಗಾದರೆ ಬದು ಬೇಗ ಮುಚ್ಚಿತೋ, ಮೊದಲೇ ಕಡಿದದ್ದು ಕಡಿಮೆಯೋ? ನಕಲು ಮಾಡುವ ಸೆಲ್‌ಗೆ ಬಣ್ಣ ಹಚ್ಚುವ ಇಡಿಯು ಹಾಕಿ, ಅವನ್ನು ಬಿಟ್ಟು ಉಳಿದವನ್ನಷ್ಟೇ ಎಣಿಸಬೇಕು. ಜೊತೆಗೆ ಇಜಡ್‌ಎಚ್2 ಮಾಮೂಲಾಗಿರುವ ಇನ್ನೊಂದು ಲಿಂಫೋಮಾ ಸೆಲ್ ಲೈನಿನಲ್ಲೂ ಇದೇ ಕೆಲಸ ಮೊದಲಿಂದ.

ಆ ಸೆಲ್‌ಗಳ ವಯಲ್ ಹೋದ ಬುಧವಾರ ನೈಟ್ರೋಜನ್ ಕ್ಯಾನಿನಿಂದ ತೆಗೆದು ಕರಗಿಸಿದೆ. ಮೊದಲ ಎರಡು ದಿನ ಅರ್ಧಕ್ಕರ್ಧ ಸತ್ತವು. ಇವತ್ತು ಬೆಳಿಗ್ಗೆ ನೋಡಿದರೆ ಉಳಿದವು ದ್ರಾಕ್ಷಿ ಗೊಂಚಲಿನ ಹಾಗೆ ಗುಂಪುಕಟ್ಟಿ ತೇಲುತ್ತಿದ್ದವು. ಮೀಡಿಯಾ ಇನ್ನೂ ಕೆಂಪಾಗೇ ಇದೆ. ಔಷಧಿಯನ್ನು ಗುರುವಾರ ಹಾಕುತ್ತೇನೆ, ಹಾಗಾಗಿ ಎಣಿಕೆಗೆ ಈ ಸಲ ಸೋಮವಾರ.