ಜರ್ಮನಿಯ ಕಡಲತೀರಕ್ಕೆ ರೈಲು: ಹತ್ತುವ ಮುಂಚೆ ಅಕ್ಷರ ನೋಡಿ

ಜರ್ಮನಿಗೆ ಹೊಸದಾಗಿ ಬಂದ ನಮ್ಮವರು ಬೇಸಿಗೆ ಶುರುವಾದ ಕೂಡಲೇ ಕೇಳುವ ಪ್ರಶ್ನೆ ಒಂದಿದೆ. ಡಾಯ್ಚ್‌ಲಾಂಡ್ ಟಿಕೆಟ್ (ದೇಶದ ಪ್ರಾದೇಶಿಕ ರೈಲುಗಳಿಗೆ ನಡೆಯುವ ತಿಂಗಳ ಪಾಸು) ಇದೆ, ಅದರಲ್ಲೇ ಸಮುದ್ರದ ತನಕ ಹೋಗಬಹುದಾ? ಹೋಗಬಹುದು. ಆದರೆ ಕಣ್ಣೆದುರು ಬಂದ ರೈಲನ್ನೆಲ್ಲ ಹತ್ತುವ ಹಾಗಿಲ್ಲ.

ಇಲ್ಲಿ ಮೊದಲು ನೋಡಬೇಕಾದ್ದು ರೈಲಿನ ನಂಬರಿನ ಮುಂದಿರುವ ಅಕ್ಷರ. ಆರ್‌ಇ, ಆರ್‌ಬಿ, ಎಸ್ ಅಂತಿದ್ದರೆ ಅದು ಪ್ರಾದೇಶಿಕ ರೈಲು. ಐಸಿಇ, ಐಸಿ, ಇಸಿ ಅಂತಿದ್ದರೆ ದೂರದ ರೈಲು. ಎರಡೂ ಒಂದೇ ಪ್ಲಾಟ್‌ಫಾರ್ಮಿಗೆ ಬರಬಹುದು, ಒಂದೇ ಊರಿಗೆ ಹೋಗಬಹುದು. ಟಿಕೆಟ್ ಮಾತ್ರ ಬೇರೆ. ಡಾಯ್ಚ್‌ಲಾಂಡ್ ಟಿಕೆಟ್ ಹಿಡಿದು ಐಸಿಇ ಹತ್ತಿದರೆ ನೀವು ಟಿಕೆಟ್ ಇಲ್ಲದವರ ಲೆಕ್ಕ.

ಈ ಎರಡು ಲೋಕ ಯಾಕೆ ಅಂದರೆ, ದುಡ್ಡು ಬರುವ ದಾರಿಯೇ ಬೇರೆ. 1996ರಿಂದ ಪ್ರಾದೇಶಿಕ ರೈಲುಗಳನ್ನು ಆಯಾ ರಾಜ್ಯಗಳೇ ಟೆಂಡರ್ ಕರೆದು ಓಡಿಸುತ್ತವೆ. ಹಾಗಾಗಿ ರ‍್ಯೂಗನ್ ದ್ವೀಪದಲ್ಲಿ ಓಡೆಗ್ ಅನ್ನುವ ಕಂಪನಿಯ ರೈಲು ಸಿಗುತ್ತದೆ, ಉಸೆಡೋಮ್ ದ್ವೀಪದಲ್ಲಿ ಯುಬಿಬಿ. ಬಣ್ಣ, ಹೆಸರು ಏನೇ ಇರಲಿ, ಅಕ್ಷರ ಆರ್‌ಇ ಅಥವಾ ಆರ್‌ಬಿ ಆಗಿದ್ದರೆ ನಿಮ್ಮ ಟಿಕೆಟ್ ನಡೆಯುತ್ತದೆ. ದೂರದ ರೈಲಿಗೆ ರಾಜ್ಯದ ಟೆಂಡರ್ ಇಲ್ಲ. ಜರ್ಮನಿಯ ಸರ್ಕಾರಿ ರೈಲು ಕಂಪನಿ ಡಾಯ್ಚ ಬಾನ್ ತನಗೆ ಲಾಭ ಕಂಡ ಕಡೆ ಓಡಿಸುತ್ತದೆ. ಹಿಂದೆ ಇಂಟರ್‌ರೆಜಿಯೊ ಅನ್ನುವ ನಡುವಿನ ದರ್ಜೆಯ ರೈಲುಗಳಿದ್ದವು, ಸಣ್ಣ ಊರುಗಳಿಗೂ ಹೋಗುತ್ತಿದ್ದವು. 2000ರ ದಶಕದಲ್ಲಿ ಅವನ್ನು ನಿಲ್ಲಿಸಿದರು. ಅದಕ್ಕೇ ಕರಾವಳಿಯಲ್ಲಿ ದೂರದ ರೈಲು ಕಾಣುವುದು ಕಡಿಮೆ. ಕೊನೆಯ ತುಂಡು ದಾರಿ ಬಹುತೇಕ ಆರ್‌ಇ, ಆರ್‌ಬಿಗಳದ್ದೇ. ನಮ್ಮ ಊರಿನ ಪ್ಯಾಸೆಂಜರ್ ಗಾಡಿ ನೆನೆಸಿಕೊಂಡು ಇವನ್ನು ಕಡೆಗಣಿಸಬೇಡಿ. ಬರ್ಲಿನ್‌ನಿಂದ ರೋಸ್ಟಾಕ್‌ಗೆ ಆರ್‌ಇ 5 ಎರಡೂ ಮುಕ್ಕಾಲು ಗಂಟೆಯ ಒಳಗೇ ಮುಟ್ಟಿಸುತ್ತದೆ. ಐಸಿಇ ಹತ್ತಿದರೂ ಸುಮಾರು ಎರಡು ಗಂಟೆ ಬೇಕೇ ಬೇಕು. ಅಷ್ಟಕ್ಕೆ ಜಾಸ್ತಿ ದುಡ್ಡು ಯಾಕೆ?

ಡಾಯ್ಚ್‌ಲಾಂಡ್ ಟಿಕೆಟ್ 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು. 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಇದು ತಿಂಗಳ ಚಂದಾ. ನಿಲ್ಲಿಸಬೇಕಾದರೆ ಆ ತಿಂಗಳ 10ನೇ ತಾರೀಖಿನೊಳಗೆ ಹೇಳಬೇಕು. ಊರಿನಿಂದ ಅಪ್ಪ ಅಮ್ಮ ಬಂದಾಗ ಅವರಿಗೂ ತೆಗೆದುಕೊಡಬಹುದು, 10ನೇ ತಾರೀಖು ಮಾತ್ರ ಮರೆಯಬೇಡಿ. 6 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಅದಕ್ಕಿಂತ ದೊಡ್ಡ ಮಕ್ಕಳು ನಿಮ್ಮ ಟಿಕೆಟ್‌ನಲ್ಲಿ ಬರುವುದಿಲ್ಲ. ಸೈಕಲ್‌ಗೂ ಬೇರೆ ಟಿಕೆಟ್. ಕುಟುಂಬ ಸಮೇತ ಒಂದೇ ದಿನ ಹೋಗಿ ಬರುವವರಿಗೆ ರಾಜ್ಯದ ದಿನದ ಟಿಕೆಟ್ ಎಷ್ಟೋ ಸಲ ಅಗ್ಗ. ಮೆಕ್ಲೆನ್‌ಬುರ್ಗ್ ಫೋರ್‌ಪೊಮರ್ನ್ ಟಿಕೆಟ್, ಶ್ಲೆಸ್ವಿಗ್ ಹೋಲ್‌ಸ್ಟೈನ್ ಟಿಕೆಟ್ ಅಂತ ಕೇಳಿ. ಒಂದು ಟಿಕೆಟ್‌ನಲ್ಲಿ ಐದು ಜನರವರೆಗೆ ಹೋಗಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವೇ ಹತ್ತಬೇಕು, ಅದೊಂದು ಷರತ್ತು.

ಎಲ್ಲಿಗೆ ಹೋಗುವುದು? ಸುಲಭದ್ದು ಬೇಕಾದರೆ ಬಾಲ್ಟಿಕ್ ಕಡೆ. ರೋಸ್ಟಾಕ್‌ನಿಂದ ವಾರ್ನೆಮ್ಯುಂಡೆಗೆ ಎಸ್ ಬಾನ್‌ನಲ್ಲಿ ಸುಮಾರು 20 ನಿಮಿಷ. ಹ್ಯಾಂಬರ್ಗ್‌ನವರಿಗೆ ಲ್ಯುಬೆಕ್ ಮೂಲಕ ಟ್ರಾವೆಮ್ಯುಂಡೆ. ಅಲ್ಲಿನ ಕೊನೆಯ ಸ್ಟೇಷನ್ನಿನ ಹೆಸರೇ ಟ್ರಾವೆಮ್ಯುಂಡೆ ಸ್ಟ್ರಾಂಡ್, ಇಳಿದರೆ ಮರಳಿಗೆ ನಾಲ್ಕು ಹೆಜ್ಜೆ. ಉಸೆಡೋಮ್‌ಗೆ ಹೋಗುವವರು ಬರ್ಲಿನ್‌ನಿಂದ ಆರ್‌ಇ 3 ಹತ್ತಿ ಟ್ಸ್ಯುಸೋದಲ್ಲಿ ಬದಲಿಸಬೇಕು. ಆ ಯುಬಿಬಿ ರೈಲು ಗಡಿ ದಾಟಿ ಪೋಲೆಂಡ್‌ನ ಶ್ವಿನೊಉಯ್‌ಶ್ಚೆ ತನಕ ಹೋಗುತ್ತದೆ. ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಕಾರ್ಡ್ ಮನೆಯಲ್ಲಿ ಬಿಟ್ಟು ಹೋಗಬೇಡಿ.

ಉತ್ತರ ಸಮುದ್ರದ ಕಡೆಯ ದಾರಿಗಳು ಉದ್ದ, ಆದರೆ ನನಗೆ ಅವೇ ಹೆಚ್ಚು ಇಷ್ಟ. ಹ್ಯಾಂಬರ್ಗ್ ಆಲ್ಟೊನಾದಿಂದ ಆರ್‌ಇ 6 ಸುಮಾರು ಮೂರು ಗಂಟೆಯಲ್ಲಿ ಸಿಲ್ಟ್ ದ್ವೀಪದ ವೆಸ್ಟರ್‌ಲಾಂಡ್ ಮುಟ್ಟುತ್ತದೆ. ದ್ವೀಪಕ್ಕೆ ರಸ್ತೆಯೇ ಇಲ್ಲ. 1927ರಲ್ಲಿ ಕಟ್ಟಿದ ಸುಮಾರು 11 ಕಿ.ಮೀ. ಒಡ್ಡಿನ ಮೇಲೆ ರೈಲು ಮಾತ್ರ ಓಡುತ್ತದೆ. ಕಾರುಗಳನ್ನೂ ನೀಬ್ಯುಲ್‌ನಲ್ಲಿ ರೈಲಿಗೆ ಹತ್ತಿಸುತ್ತಾರೆ. ನೀರು ಇಳಿದಾಗ ಹೋದರೆ ಎರಡೂ ಕಡೆ ಕೆಸರು ಬಯಲು, ಏರಿದಾಗ ಹೋದರೆ ಬರೀ ನೀರು. ಇನ್ನೊಂದು ನಾರ್ಡ್‌ಡೈಷ್ ಮೋಲೆ. ಅಲ್ಲಿ ರೈಲು ಹಡಗುಕಟ್ಟೆಯ ಮೇಲೇ ನಿಲ್ಲುತ್ತದೆ. ನಾರ್ಡರ್ನೈ ದ್ವೀಪಕ್ಕೆ ದಿನವಿಡೀ ಹಡಗು ಸಿಗುತ್ತದೆ. ಯೂಸ್ಟ್ ದ್ವೀಪದ ಹಡಗು ಮಾತ್ರ ಭರತ ಇಳಿತ ನೋಡಿಕೊಂಡು ಹೊರಡುತ್ತದೆ, ದಿನಕ್ಕೊಂದು ಸಮಯ. ಮೊದಲು ಹಡಗಿನ ಹೊತ್ತು ನೋಡಿ, ಆಮೇಲೆ ರೈಲು ಆರಿಸಿ.

ಆರ್‌ಇ, ಆರ್‌ಬಿಗಳಲ್ಲಿ ವೇಟಿಂಗ್ ಲಿಸ್ಟ್ ಇಲ್ಲ, ಸೀಟು ಕಾದಿರಿಸುವುದೂ ಸಾಮಾನ್ಯವಾಗಿ ಇಲ್ಲ. ಜಾಗ ಇದ್ದರೆ ಕೂರುವುದು, ಇಲ್ಲದಿದ್ದರೆ ನಿಲ್ಲುವುದು. ಜುಲೈ, ಆಗಸ್ಟ್‌ನ ಶನಿವಾರ ಬೆಳಿಗ್ಗೆ ಸೈಕಲ್, ಮಕ್ಕಳ ಗಾಡಿ, ನಾಯಿ ಎಲ್ಲ ಸೇರಿ ಕಾಲಿಡಲು ಜಾಗ ಇರುವುದಿಲ್ಲ. ಬೇಗ ಹೊರಡಿ, ಇಲ್ಲವೇ ಶುಕ್ರವಾರ ರಜೆ ಹಾಕಿ. ಕೆಲವು ರೈಲು ದಾರಿಯಲ್ಲಿ ಎರಡು ತುಂಡಾಗುತ್ತವೆ. ಹ್ಯಾಂಬರ್ಗ್‌ನಿಂದ ಹೊರಡುವ ಆರ್‌ಇ 7 ನಾಯ್‌ಮ್ಯುನ್‌ಸ್ಟರ್‌ನಲ್ಲಿ ಒಡೆದು ಒಂದು ಭಾಗ ಕೀಲ್‌ಗೆ, ಇನ್ನೊಂದು ಫ್ಲೆನ್ಸ್‌ಬರ್ಗ್‌ಗೆ ಹೋಗುತ್ತದೆ. ಬೋಗಿಯ ಮೇಲಿನ ಬೋರ್ಡ್ ನೋಡದೆ ಸುಮ್ನೆ ಹತ್ತಬೇಡಿ.

ಇನ್ನು ಮ್ಯೂನಿಕ್, ಸ್ಟುಟ್‌ಗಾರ್ಟ್ ಕಡೆಯವರು. ಅಲ್ಲಿಂದ ಆರ್‌ಇ ಬದಲಿಸುತ್ತಾ ಬರುವುದು ಸಾಹಸ, ಬೇಡ. ಹ್ಯಾಂಬರ್ಗ್ ಅಥವಾ ಬರ್ಲಿನ್ ತನಕ ಐಸಿಇಗೆ ಶ್ಪಾರ್‌ಪ್ರೈಸ್ ಅನ್ನುವ ರಿಯಾಯಿತಿ ಟಿಕೆಟ್ ಕೊಳ್ಳಿ. ಬೇಗ ಕೊಂಡಷ್ಟೂ ಅಗ್ಗ. ಆದರೆ ಅದು ಆ ಒಂದೇ ರೈಲಿಗೆ ಕಟ್ಟಿಹಾಕಿದ ಟಿಕೆಟ್. ವಾಪಸ್ ಬರುವಾಗ ಇಲ್ಲೊಂದು ತೊಡಕಿದೆ. ಕಡಲತೀರದಿಂದ ಹ್ಯಾಂಬರ್ಗ್‌ಗೆ ಡಾಯ್ಚ್‌ಲಾಂಡ್ ಟಿಕೆಟ್‌ನಲ್ಲಿ ಬಂದು, ಅಲ್ಲಿಂದ ಐಸಿಇಗೆ ಬೇರೆ ಟಿಕೆಟ್ ತೆಗೆದಿರುತ್ತೀರಿ ಅಂತಿಟ್ಟುಕೊಳ್ಳಿ. ಆರ್‌ಇ ತಡವಾಗಿ ಐಸಿಇ ತಪ್ಪಿದರೆ ಅವು ಎರಡು ಬೇರೆ ಒಪ್ಪಂದ, ಮುಂದಿನ ರೈಲು ನಮ್ಮ ಹಕ್ಕು ಅಂತ ವಾದಿಸಲು ಆಗುವುದಿಲ್ಲ. ಇಡೀ ದಾರಿಗೆ ಒಂದೇ ಶ್ಪಾರ್‌ಪ್ರೈಸ್ ಇದ್ದರೆ, ತಲುಪುವುದು 20 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ತಡ ಅಂತ ಗೊತ್ತಾದ ಕೂಡಲೇ ಬೇರೆ ರೈಲು ಹತ್ತಬಹುದು. ಎರಡು ಟಿಕೆಟ್ ಮಾಡುವವರು ನಡುವೆ ಒಂದು ಗಂಟೆಯಾದರೂ ಬಿಡಿ.

ತಡ ಆಗುವುದು ಇಲ್ಲಿ ಅಪರೂಪವಲ್ಲ, ಅದು ನಿಮಗೂ ಗೊತ್ತು ಅಲ್ವಾ. ಆ್ಯಪ್‌ನಲ್ಲಿ ಎಸ್‌ಇವಿ ಅಂತ ಕಂಡರೆ ಹಳಿ ಬಂದ್, ಬದಲಿಗೆ ಬಸ್ ಅಂತ ಅರ್ಥ. ದೂರದ ರೈಲು ಒಂದು ಗಂಟೆ ತಡವಾದರೆ ಟಿಕೆಟ್ ದುಡ್ಡಿನ ಕಾಲು ಭಾಗ, ಎರಡು ಗಂಟೆ ಆದರೆ ಅರ್ಧ ವಾಪಸ್ ಸಿಗುತ್ತದೆ. ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಡಾಯ್ಚ್‌ಲಾಂಡ್ ಟಿಕೆಟ್‌ಗೆ ಒಂದು ಗಂಟೆಯ ತಡಕ್ಕೆ ಸಿಗುವುದು ಒಂದೂವರೆ ಯೂರೋ. ಅದೂ 4 ಯೂರೋ ಆಗುವ ತನಕ ಕೊಡುವುದಿಲ್ಲ, ಹಾಗಾಗಿ ಮೂರು ತಡ ಸೇರಿಸಿಟ್ಟುಕೊಂಡು ಒಟ್ಟಿಗೆ ಕಳಿಸಿ.